ಆಯಿಯ ಅರ್ಧ ತಾಸು

ಕಳೆದ ತಿಂಗಳು ಹುಕ್ಕೇರಿಯ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಕೂತಿದ್ದೆ. ಮುಂದೆ ಅಂಕಪಟ್ಟಿ, ಒತ್ತಿದರೆ ಟಿಣ್ ಎನ್ನುವ ಮೇಜಿನ ಗಂಟೆ, ಪಕ್ಕದಲ್ಲಿ ಇನ್ನೊಬ್ಬ ತೀರ್ಪುಗಾರರಾದ ನಿವೃತ್ತ ಮಾಸ್ತರರು. ಹಲಗೆಯ ಮೇಲೆ ದುಂಡಗೆ ಬರೆದ ವಿಷಯ: ‘ಮುಖ್ಯವಾದುದಕ್ಕೆ ಮಾತ್ರ ಸಮಯ ಕೊಡುವುದೇ ಸಾರ್ಥಕ ಬದುಕು.’ ಯಾರು ಪರ, ಯಾರು ವಿರೋಧ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿದ್ದರು. ನಾನಾದರೆ ಎರಡೂ ಕಡೆ ಗೆಲ್ಲುತ್ತಿದ್ದೆ. ಪರವಾದರೆ, ಬಾಳು ಚಿಕ್ಕದು ಎಂದು ಶುರು ಮಾಡುವುದು. ವಿರೋಧವಾದರೆ, ತಮಗೆ ಯಾವುದು ಮುಖ್ಯ ಎಂದು ಖಚಿತವಾಗಿ ಗೊತ್ತಿರುವವರು ಕೈ ಎತ್ತಿ ಎಂದು ಸಭೆಯನ್ನು ಕೇಳುವುದು. ಯಾರೂ ಎತ್ತುವುದಿಲ್ಲ. ಅಲ್ಲಿಗೆ ಅರ್ಧ ಗೆದ್ದ ಹಾಗೆ.

ಐದನೆಯ ಹುಡುಗಿ ಮಾತಿಗೆ ಏಳುವ ಮೊದಲು ಚೀಲದಿಂದ ಒಂದು ಕಡ್ಡಿ ತೆಗೆದು ದವಡೆಗೆ ಇಟ್ಟುಕೊಂಡಳು. ಜ್ಯೇಷ್ಠಮಧು. ಸಿಹಿ, ಮಣ್ಣು, ಹಳೆಯ ಕಟ್ಟಿಗೆ ಮೂರೂ ಬೆರೆತ ವಾಸನೆ ಮೇಜಿನವರೆಗೆ ಬಂತು. ವಾಸನೆಯೊಂದು ಮನುಷ್ಯರನ್ನು ಎಲ್ಲಿಗೋ ಎಳೆದೊಯ್ಯುತ್ತದೆ ಎಂದು ಓದಿದ್ದೇನೆ, ನಂಬಿಲ್ಲ. ನನ್ನನ್ನು ಎಲ್ಲಿಗೂ ಎಳೆಯಲಿಲ್ಲ, ಕೂತಲ್ಲೇ ಕೂತಿದ್ದೆ. ಆದರೆ ಆ ಹುಡುಗಿ ಮಾತು ಮುಗಿಸಿ ಕೂತಾಗ ನನ್ನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದಿನ ಅಂಕದ ಮನೆಗಳೆಲ್ಲ ಖಾಲಿ ಇದ್ದವು.

ನಮ್ಮ ಆಯಿ ಒಂದು ಚಳಿಗಾಲವಿಡೀ ಈ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಿದ್ದಳು.

ಆಯಿ ಎಂದರೆ ನನ್ನ ಅವ್ವನ ಅವ್ವ, ಬಾಳವ್ವ. ಮೂಡಲಗಿ ಹತ್ತಿರದ ನಾಗನೂರಿನಲ್ಲಿ ನಮ್ಮ ಮನೆ. ಆಯಿ ನಾಗೇಶಿ ಹಾಡುವವಳು. ಈ ಹಾಡಿಕೆಯಲ್ಲಿ ಎರಡು ಮೇಳ ಎದುರಾಬದುರು ನಿಲ್ಲುತ್ತವೆ. ಶಿವ ದೊಡ್ಡವನು, ಗಂಡು ದೊಡ್ಡದು ಎಂದು ಹಾಡುವವರು ಹರದೇಶಿ. ಶಕ್ತಿ ದೊಡ್ಡವಳು, ಹೆಣ್ಣು ದೊಡ್ಡದು ಎಂದು ಹಾಡುವವರು ನಾಗೇಶಿ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಂದು ನಿಂತ ನಿಲುವಿನಲ್ಲಿ ಜವಾಬು ಕಟ್ಟಿ ಹಾಡಬೇಕು. ನಮ್ಮ ಚರ್ಚಾಸ್ಪರ್ಧೆಗೂ ಅದಕ್ಕೂ ಇರುವ ವ್ಯತ್ಯಾಸವೆಂದರೆ ಅಲ್ಲಿ ಚೀಟಿ ಇಲ್ಲ. ಯಾವ ಗುರುವಿನ ಕೈಕೆಳಗೆ ಕಲಿತಿರೋ ಆ ಪಕ್ಷ, ಸಾಯುವವರೆಗೆ. ಆಯಿ ನಲವತ್ತು ವರ್ಷ ಒಂದೇ ಪಕ್ಷ ಹಾಡಿದ್ದಳು. ಇದು ವಾದವಲ್ಲ, ಬರೀ ಹಠ ಎಂದು ಕಾಲೇಜಿನ ದಿನಗಳಲ್ಲಿ ಅವಳಿಗೆ ಎಷ್ಟೋ ಸಲ ಹೇಳಿದ್ದೆ.

ಗೌರಿ ಹುಣ್ಣಿಮೆ ಆಗಿ ನಾಲ್ಕು ದಿನಕ್ಕೆ ಅವಳನ್ನು ಘಟಪ್ರಭಾದ ಗಂಟಲು ಡಾಕ್ಟರರ ಬಳಿ ಕರೆದುಕೊಂಡು ಹೋದೆ. ತಿಂಗಳುಗಟ್ಟಲೆಯಿಂದ ಅವಳ ದನಿ ಒಡೆದಿತ್ತು. ಡಾಕ್ಟರರು ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಮುಂದಿನ ವಾರ ಕಾಗದ ಎದುರಿಗಿಟ್ಟುಕೊಂಡು ಹೇಳಿದರು.

“ಅಜ್ಜಿ, ಧ್ವನಿಪೆಟ್ಟಿಗಿ ತೆಗೀಬೇಕಾಗತೈತಿ. ಈ ತಿಂಗಳದಾಗ ಬೆಳಗಾವಿಗೆ ಹೋಗ್ರಿ.”

“ತೆಗದ ಮ್ಯಾಲ ಹಾಡಾಕ ಬರತೈತೇನ್ರಿ?”

“ಮಾತಾಡಾಕ ಬರಂಗಿಲ್ಲ. ಹಾಡೂದ ಎಲ್ಲಿಂದ ಬಂತು?”

“ಹಂಗಾದ್ರ ಎರಡ ತಿಂಗಳ ಬಿಡ್ರಿ.”

“ಸಂತ್ಯಾಗ ಬದನಿಕಾಯಿ ಚೌಕಾಶಿ ಮಾಡಿದಂಗ ಮಾಡ್ತೀರಲ್ಲ! ವಾರ ವಾರ ಬೆಳೀತೈತಿ ಅದು.”

“ಸಂಕ್ರಮಣದ ಮರುದಿನ ಬರ್ತೀನ್ರಿ. ಮಾತ ಅಂದ್ರ ಮಾತ.”

ಅವರು ಹತ್ತು ನಿಮಿಷ ಬೈದರು. ಆಯಿ ಕೇಳಿಸಿಕೊಂಡಳು. ಕೊನೆಗೆ ಅವರೇ ಸೋತು, “ದಿನಕ್ಕ ಅರ್ಧ ತಾಸು. ಅದರ ಮ್ಯಾಲ ಒಂದ ಮಾತ ಆಡಬಾರದು. ಉಸರಿಗೆ ತ್ರಾಸ ಆತಂದ್ರ ಅವತ್ತ ನಡೀಬೇಕು” ಎಂದು ನನ್ನ ಕಡೆ ತಿರುಗಿದರು. “ನೀ ಮಮ್ಮಗಳೇನು? ನೋಡ್ಕೋ.”

ನೋಡಿಕೊಂಡೆ. ಗೋಕಾಕದಲ್ಲಿ ಡಿಗ್ರಿ ಮುಗಿದಿತ್ತು, ಆ ವರ್ಷ ನನಗೆ ಬೇರೆ ಕೆಲಸವಿರಲಿಲ್ಲ. ಕಾಲೇಜು ಬಿಡುವಾಗ ನಮ್ಮ ಚರ್ಚಾಕೂಟದವರು ನೆನಪಿಗೆಂದು ಒಂದು ಹಳೆಯ ಮೇಜಿನ ಗಂಟೆ ಕೊಟ್ಟಿದ್ದರು. ಅದನ್ನು ಪಡಸಾಲೆಯ ಕಟ್ಟೆಯ ಮೇಲಿಟ್ಟೆ. ಇಪ್ಪತ್ತೆಂಟನೆಯ ನಿಮಿಷಕ್ಕೆ ಒಂದು ಸಲ, ಮೂವತ್ತಕ್ಕೆ ಎರಡು ಸಲ.

ಆಗ ಅವ್ವ ಹೋಗಿ ಒಂದೂವರೆ ವರ್ಷವಾಗಿತ್ತು. ಅದನ್ನು ಹೇಳದೆ ಮುಂದೆ ಹೋಗಲು ಬರುವುದಿಲ್ಲ. ಇದೇ ಹುಕ್ಕೇರಿಯಲ್ಲಿ, ಇದೇ ಸಭಾಂಗಣದಲ್ಲಿ ಅವತ್ತು ನನ್ನ ಸ್ಪರ್ಧೆ ಇತ್ತು. ಬೆಳಿಗ್ಗೆ ಹೊರಡುವಾಗ ಅವ್ವನಿಗೆ ಜ್ವರ ಇತ್ತು, ಆದರೂ ಎದ್ದು ರೊಟ್ಟಿ ಬಡಿದು ಕಟ್ಟಿಕೊಟ್ಟಿದ್ದಳು. ನಾನು ಹೋದ ಮೇಲೆ ಜ್ವರ ತಲೆಗೇರಿ ಆಯಿ ಅವಳನ್ನು ಘಟಪ್ರಭಾದ ಆಸ್ಪತ್ರೆಗೆ ಸಾಗಿಸಿದಳು. ಅಪ್ಪ ಲಾರಿ ತೆಗೆದುಕೊಂಡು ಕೊಲ್ಲಾಪುರದ ಕಡೆ ಹೋಗಿದ್ದ. ಹುಕ್ಕೇರಿಯಿಂದ ಘಟಪ್ರಭಾಕ್ಕೆ ಒಂದು ತಾಸಿನ ಹಾದಿ. ಇಡೀ ದಿನ ನನ್ನ ಫೋನಿಗೆ ಒಂದೂ ಕರೆ ಬರಲಿಲ್ಲ. ನಾಲ್ಕೂವರೆಗೆ ಬಂತು. ಆಗ ಎಲ್ಲ ಮುಗಿದಿತ್ತು. ನನ್ನ ಕೈಯಲ್ಲಿ ಎರಡನೆಯ ಬಹುಮಾನದ ಡಬ್ಬಿ ಇತ್ತು, ಸ್ಟೀಲಿನದು.

ಅಂದಿನಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ವಸಡಿಗೆ ಚುಚ್ಚುವ ಸೂಜಿಯನ್ನು ಇಡೀ ಮೈಗೆ ಚುಚ್ಚಿದ ಹಾಗೆ. ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಯಾರಾದರೂ ಮಾತಾಡಿದರೆ ಎದುರುವಾದ ಹೂಡುತ್ತಿದ್ದೆ. ಒಳಗೆ ಉಳಿದದ್ದು ಒಂದೇ ಪ್ರಶ್ನೆ. ನನಗೆ ಯಾಕೆ ಫೋನ್ ಮಾಡಲಿಲ್ಲ? ಅದಕ್ಕೆ ಉತ್ತರ ಗೊತ್ತಿದ್ದವಳು ಆಯಿ ಒಬ್ಬಳೇ. ಒಂದೂವರೆ ವರ್ಷ ಕೇಳಿರಲಿಲ್ಲ. ಮನೆಯಲ್ಲೇ ಇದ್ದಾಳಲ್ಲ, ಎಂದಾದರೂ ಕೇಳಿದರಾಯಿತು. ಈಗ ಆ ‘ಎಂದಾದರೂ’ ಎಂಬುದು ಎರಡು ತಿಂಗಳಿಗೆ, ದಿನಕ್ಕೆ ಮೂವತ್ತು ನಿಮಿಷಕ್ಕೆ ಬಂದು ನಿಂತಿತ್ತು.

ಆ ಮೂವತ್ತು ನಿಮಿಷವನ್ನು ಆಯಿ ಮೊದಲ ದಿನವೇ ಬೇರೊಬ್ಬಳಿಗೆ ಕೊಟ್ಟುಬಿಟ್ಟಳು.

ಸುವರ್ಣಾ ನಮ್ಮೂರಿನವಳೇ. ಮೂಡಲಗಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ. ಅವಳ ತಾಯಿ ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುವವಳು. ಎರಡು ವರ್ಷದಿಂದ ಆಯಿಯ ಹಿಂದೆ ನಿಂತು ಸೊಲ್ಲು ಹಿಡಿಯುತ್ತಿದ್ದ, ಅಂದರೆ ಅವಳು ಹಾಡಿದ ಸಾಲನ್ನು ಮತ್ತೆ ಎತ್ತಿ ಹಾಡುತ್ತಿದ್ದ ಹುಡುಗಿ. ಬೆಳಿಗ್ಗೆ ಏಳಕ್ಕೆ ಬರುವಳು, ಎಂಟರ ಬಸ್ಸಿಗೆ ಓಡುವಳು. ಪಡಸಾಲೆಯಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಆಯಿ ಒಂದು ಸಾಲು ದನಿ ತೆಗೆದು ಹೇಳಿ, ಅದೇ ಸಾಲನ್ನು ದನಿಯಿಲ್ಲದೆ ಬರೀ ತುಟಿಯಲ್ಲಿ ನಾಲ್ಕು ಸಲ ತೋರಿಸುತ್ತಿದ್ದಳು. ಸುವರ್ಣಾ ಅವಳ ಬಾಯನ್ನೇ ನೋಡುತ್ತ ಹಾಡುತ್ತಿದ್ದಳು. ದನಿ ಉಳಿಸಲು ಆಯಿ ಕಂಡುಕೊಂಡ ಹಾದಿ ಅದು. ಹೊರಗೆ ಮಂಜು, ಮಂಜಿನೊಳಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಅವು ದಾಟುವವರೆಗೆ ಆಯಿ ಬಾಯಿ ಮುಚ್ಚಿ ಕಾಯುತ್ತಿದ್ದಳು. ಆ ಹೊತ್ತನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಅಷ್ಟು ನ್ಯಾಯ ನನ್ನಲ್ಲಿತ್ತು.

ಉಳಿದ ಇಪ್ಪತ್ಮೂರೂವರೆ ತಾಸು ಮೌನ. ಆಯಿ ಇಪ್ಪತ್ತು ವರ್ಷದ ಅಭ್ಯಾಸಗಳನ್ನು ಒಂದೇ ದಿನದಲ್ಲಿ ಬಿಟ್ಟಳು. ನೆರೆಮನೆಯವರ ಜಗಳಕ್ಕೆ ತೀರ್ಪು ಹೇಳುವುದು ಬಿಟ್ಟಳು. ಹಾಲಿನವನ ಜೊತೆ ನೀರಿನ ತಕರಾರು ಬಿಟ್ಟಳು. ಬೆಕ್ಕಿಗೆ ಬೈಯುವುದನ್ನೂ ಬಿಟ್ಟಳು. ಹಾಲಿನವನು, ನೆರೆಮನೆಯವರು, ಹಾಡಿಕೆಗೆ ಕರೆಯಲು ಫೋನ್ ಮಾಡುವವರು, ಎಲ್ಲರಿಗೂ ಅವಳ ಬದಲು ನಾನೇ ಮಾತಾಡಬೇಕಿತ್ತು. ಅಪ್ಪ ಊಟಕ್ಕೆ ಕೂತಾಗ, “ಮನ್ಯಾಗ ಇಬ್ಬರ ಹೆಣಮಕ್ಕಳು. ಒಬ್ಬಾಕಿ ಮಾತ ತಗಿಯಂಗಿಲ್ಲ, ಇನ್ನೊಬ್ಬಾಕಿ ನಿಂದ್ರಸಂಗಿಲ್ಲ” ಎಂದ. ಆಯಿ ನಕ್ಕಳು. ನಗುವುದಕ್ಕೆ ದನಿ ಬೇಡ.

ಮೂರನೆಯ ವಾರದಲ್ಲಿ ನಾನು ತಪ್ಪು ಮಾಡಿದೆ. ಅವತ್ತು ಸುವರ್ಣಾ ಇನ್ನೂ ಬಂದಿರಲಿಲ್ಲ. ಫೋನನ್ನು ಆಯಿಯ ಮುಂದೆ ಹಿಡಿದು ಹೇಳಿದೆ, “ಎಲ್ಲಾ ಹಾಡು ಇದರಾಗ ಹಾಡಿ ಇಡು. ನಾಕ ದಿನದಾಗ ಮುಗೀತೈತಿ. ಮುಂದಿನ ವಾರನ ಆಪರೇಶನ್ನಿಗೆ ಹೋಗೂಣು. ಹಾಡಿಗೆ ಸಾಯಾಕ ಹೊಂಟೀಯೇನು?”

ಆಯಿ ಕೈ ಆಡಿಸಿದಳು, ಬೇಡ ಎಂದು.

“ಬ್ಯಾಡ ಅನ್ನೂದು ಉತ್ತರ ಅಲ್ಲ ಆಯಿ. ಕಾರಣ ಕೊಡು.”

ಕೆಣಕುವುದು ನನಗೆ ಗೊತ್ತು. ಎದುರಿನವರು ಸುಮ್ಮನಿದ್ದರೆ ಅವರ ವಾದವನ್ನು ತಪ್ಪಾಗಿ ಹೇಳಬೇಕು, ತಿದ್ದಲಿಕ್ಕಾದರೂ ಬಾಯಿ ಬಿಡುತ್ತಾರೆ. “ಅಂದ್ರ ನಿನ್ನ ಹಾಡು ರೆಕಾರ್ಡ್ ಮಾಡೂವಷ್ಟ ಚಲೋ ಇಲ್ಲ ಅಂತೀಯೇನು?” ಎಂದೆ.

ಆಯಿ ಬಾಯಿಂದ ಕಡ್ಡಿ ತೆಗೆದಳು. ನಾನು ಗಡಿಯಾರ ನೋಡಿದೆ.

“ಹುಚ್ಚಿ, ಮೊಬೈಲಿಗೆ ಸವಾಲ ಹಾಕಿದ್ರ ಜವಾಬ ಕೊಡತೈತೇನು? ಹಾಡಿದ್ದ ಹಾಡತೈತಿ. ಎದುರಿಗೆ ನಿಂತಾಂವ ಹೊಸಾದ ಕೇಳಿದ್ರ? ನಾ ಅಕಿಗೆ ಹಾಡ ಕಲಸಾಕತ್ತಿಲ್ಲ, ನಿಂದ್ರೂದ ಕಲಸಾಕತ್ತೇನಿ.”

“ಹಂಗಾದ್ರ ನನಗ ಯಾಕ ಕಲಸಲಿಲ್ಲ? ನಿಂದ್ರೂದು ನನಗ ಬರಂಗಿಲ್ಲೇನು? ಮನ್ಯಾಗ ಎಷ್ಟ ಕಪ್ ಅದಾವ ನೋಡು.”

“ನಿನಗ ಎರಡೂ ಕಡೆ ಮಾತಾಡಾಕ ಬರತೈತಿ ತಂಗಿ. ಎರಡೂ ಕಡೆ ಬರೂವಾಕಿಗೆ ಏನ ಕಲಸೂದು?”

ನಾನು ಅದಕ್ಕೂ ಉತ್ತರ ಕೊಟ್ಟೆ. ಅವಳು ಅದಕ್ಕೆ ಕೊಟ್ಟಳು. ಗಂಡು ದೊಡ್ಡದೆಂದು ಒಂದು ಸಲವಾದರೂ ಯೋಚಿಸಿ ನೋಡದೆ ಹೆಣ್ಣು ದೊಡ್ಡದು ಎಂದು ಹೇಗೆ ಹಾಡುತ್ತೀ ಎಂದೆ. ಯೋಚನೆ ಮಾಡಿದ್ದೇನೆ, ನಲವತ್ತು ವರ್ಷ ಎದುರಿಗೆ ನಿಂತವನ ಹಾಡು ಕೇಳಿದವಳು ನಾನು, ನೀನಲ್ಲ ಎಂದಳು. ಬಾಗಿಲಲ್ಲಿ ಸುವರ್ಣಾ ಬಂದು ನಿಂತದ್ದನ್ನು ನೋಡಿದಾಗ ಹನ್ನೊಂದು ನಿಮಿಷ ಹೋಗಿತ್ತು. ಅವತ್ತಿನ ಪಾಠ ಹತ್ತೊಂಬತ್ತು ನಿಮಿಷಕ್ಕೆ ಮುಗಿಯಿತು. ಸುವರ್ಣಾ ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನನ್ನು ನೋಡಿದಳು, ಅಷ್ಟೇ. ಹನ್ನೊಂದು ನಿಮಿಷ ಆಯಿ ನನ್ನೆದುರು ಬಾಯಿ ಬಿಟ್ಟು ಕೂತಿದ್ದಾಗಲೂ ನಾನು ಕೇಳಬೇಕಾದ್ದನ್ನು ಕೇಳಲಿಲ್ಲ. ಗೆಲ್ಲುವುದರಲ್ಲಿದ್ದೆ.

ಎಳ್ಳಮವಾಸ್ಯೆಗೆ ಸುವರ್ಣಾಳನ್ನೂ ಕರೆದುಕೊಂಡು ಹೊಲಕ್ಕೆ ಹೋದೆವು. ಜೋಳ ಎದೆಯುದ್ದ ನಿಂತು ಹಾಲುಗಾಳಾಗಿತ್ತು. ಅಪ್ಪ ಭೂತಾಯಿಗೆ ಎಡೆಯೆಂದು ಪೈರಿನಲ್ಲಿ ಚರಗ ಚೆಲ್ಲಿ ಬಂದ. ಬದುವಿನ ಬನ್ನಿ ಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕೂತಾಗ ಕೌಜಲಗಿಯಿಂದ ಮಲ್ಲಪ್ಪ ಕಾಕಾ ಬಂದ. ಆಯಿಯ ಎದುರಾಳಿ. ನಲವತ್ತು ವರ್ಷ ಅವಳೆದುರು ಹರದೇಶಿ ಹಾಡಿದವನು. ಗಾಡಿಯ ಹಿಂದೆ ಡಪ್ಪು ಕಟ್ಟಿಕೊಂಡೇ ಬಂದಿದ್ದ.

“ಏನ ವಕೀಲಬಾಯಿ, ನಿಮ್ಮ ಆಯಿ ಬಾಯಿಗೆ ಕೀಲಿ ಹಾಕಿದೆಂತ?” ಎಂದು ನನ್ನನ್ನು ಕೆಣಕಿ, ಎರಡು ಶೇಂಗಾ ಹೋಳಿಗೆ ತಿಂದು ಕೈ ತೊಳೆದ. ಡಪ್ಪನ್ನು ಬಿಸಿಲಿಗೆ ಹಿಡಿದು ಬಿಗಿ ನೋಡಿದ. ಆಮೇಲೆ ಕೂತಲ್ಲಿಂದಲೇ ಸುವರ್ಣಾಳ ಕಡೆ ತಿರುಗಿ ಸವಾಲು ಹಾಕಿದ. ಹೊಲ ಎಷ್ಟೇ ಅಗಲವಿರಲಿ, ಬೀಜ ಬೀಳದೆ ಅದು ಬರೀ ಮಣ್ಣು, ಬೀಜವೇ ಗಂಡು, ಇದಕ್ಕೆ ಏನು ಹೇಳುತ್ತೀ ಎಂಬುದು ಅದರ ತಿರುಳು. ಹಾಡಿದ್ದು ಚೆನ್ನಾಗಿತ್ತು. ಸುವರ್ಣಾ ಎದ್ದು ನಿಂತಳು. ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

ಅವತ್ತು ಪಾಠಕ್ಕೆ ರಜೆ. ಆಯಿಯ ಮೂವತ್ತು ನಿಮಿಷ ಹಾಗೆಯೇ ಇತ್ತು. ಒಂದು ಸಾಲು ಎತ್ತಿಕೊಟ್ಟಿದ್ದರೆ ಸಾಕಿತ್ತು. ಆಯಿ ಕಡ್ಡಿಯನ್ನು ಎಡದವಡೆಯಿಂದ ಬಲಕ್ಕೆ ಹೊರಳಿಸಿ ಜೋಳದ ಕಡೆ ಮುಖ ಮಾಡಿ ಕೂತಳು.

ಬಹಳ ಹೊತ್ತಾದ ಮೇಲೆ ಸುವರ್ಣಾ ಹಾಡಿದಳು. ಬೀಜ ಅಟ್ಟದ ಮೇಲಿನ ಗಡಿಗೆಯಲ್ಲೂ ಇರುತ್ತದೆ ಕಾಕಾ, ಅಲ್ಲಿ ಯಾಕೆ ಮೊಳಕೆ ಒಡೆಯುವುದಿಲ್ಲ?

ಕಾಕಾ ಡಪ್ಪು ಕೆಳಗಿಟ್ಟ. “ಬಾಳಕ್ಕಾ, ಇದ ನೀ ಕಲಿಸಿದ್ದಲ್ಲ.”

ಆಯಿ ತಲೆ ಆಡಿಸಿದಳು. ಅಲ್ಲ.

“ಹಂಗಾದ್ರ ನಿನ್ನ ಇವತ್ತಿನ ಅರ್ಧ ತಾಸು ಉಳೀತಲ್ಲ. ನನಗರ ಕೊಡು. ನಲವತ್ತ ವರ್ಸ ಬೈದಿ, ಇನ್ನೊಮ್ಮಿ ಬೈ.”

ಆಯಿ ಕಡ್ಡಿ ತೆಗೆದು ಹೇಳಿದಳು, “ನಿನಗ ಬೈಯಾಕ ಅರ್ಧ ತಾಸ ಎಲ್ಲಿ ಸಾಲತೈತೋ ಮಲ್ಲಪ್ಪಾ?”

ಎಲ್ಲರೂ ನಕ್ಕರು. ಕಾಕಾ ನಗುತ್ತ ನಗುತ್ತ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡು ಆ ಕಡೆ ನೀರು ಕುಡಿಯಲು ಹೋದ. ನಾನು ಹೋಳಿಗೆ ತಿನ್ನುತ್ತಿದ್ದೆ. ಸಿಹಿ ಎಂದು ಗೊತ್ತಿತ್ತು.

ಆಮೇಲಿನ ದಿನಗಳು ಬೇಗ ಹೋದವು. ಆಯಿಗೆ ಮೆಟ್ಟಿಲು ಹತ್ತಿದರೆ ಉಸಿರಿನಲ್ಲಿ ಸೀಟಿ ಕೇಳತೊಡಗಿತು. ಅಪ್ಪ ಎರಡು ಸಲ, ಈಗಲೇ ಹೋಗೋಣ ಎಂದ. ಆಯಿ ಗೋಡೆಯ ಕ್ಯಾಲೆಂಡರಿನಲ್ಲಿ ಸಂಕ್ರಮಣದ ಮೇಲೆ ಬೆರಳಿಟ್ಟು ತೋರಿಸಿದಳು.

ಸಂಕ್ರಮಣದ ಬೆಳಿಗ್ಗೆ ಕೊನೆಯ ಪಾಠ. ಮರುದಿನ ಬೆಳಗಾವಿ. ಸುವರ್ಣಾ ಕಾಗದದಲ್ಲಿ ಸಕ್ಕರೆ ಹಚ್ಚಿದ ಕುಸರೆಳ್ಳು ಕಟ್ಟಿಕೊಂಡು ಬಂದು ಆಯಿಯ ಕೈಗೆ ಕೊಟ್ಟು ಕಾಲು ಮುಟ್ಟಿದಳು. ಪಾಠ ಶುರುವಾಯಿತು. ಹೇಳಿಕೊಡುವ ಪದ, ಅಂದರೆ ಹಾಡು, ಉದ್ದವಿತ್ತು, ನುಡಿ ನುಡಿಗೂ ಆಯಿ ಉಸಿರಿಗೆ ನಿಲ್ಲುತ್ತಿದ್ದಳು. ಆದರೂ ಇಪ್ಪತ್ಮೂರನೆಯ ನಿಮಿಷಕ್ಕೇ ಕೈ ಎತ್ತಿ, ಸಾಕು ಎಂದು ಸನ್ನೆ ಮಾಡಿದಳು. ಸುವರ್ಣಾ ಏನೋ ಕೇಳಲು ಹೋದಳು. ಆಯಿ ಬಾಗಿಲು ತೋರಿಸಿದಳು. ಹುಡುಗಿ ಎದ್ದು ಹೋದಳು.

ಪಡಸಾಲೆಯಲ್ಲಿ ನಾವಿಬ್ಬರೇ. ಏಳು ನಿಮಿಷ ಉಳಿದಿತ್ತು. ಆಯಿ ಕಡ್ಡಿಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡುತ್ತ ಕೂತಳು.

ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಈಗ ವಾದಿಸಬಹುದು, ಆದರೆ ಗೊತ್ತಾಯಿತು. ಪ್ರಶ್ನೆ ನಾಲಿಗೆಯ ಮೇಲಿತ್ತು, ಐದೇ ಪದ. ನನ್ನ ಕಣ್ಣು ಗಡಿಯಾರದ ಮೇಲೆ. ಒಂದು ನಿಮಿಷ ಹೋಯಿತು. ಎರಡು ಹೋಯಿತು. ಬಾಯಿ ತೆರೆದೆ.

“ಚಾ ಕುಡೀತೀಯೇನ ಆಯಿ?” ಎಂದೆ.

ಆಯಿ ಕೈಯಲ್ಲಿದ್ದ ಕಡ್ಡಿಯನ್ನು ಸೆರಗಿಗೆ ಒರೆಸಿಕೊಂಡಳು.

“ಕುಡೀತೀನವ್ವ. ಸಕ್ಕರಿ ಕಡಿಮಿ ಹಾಕು.”

ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಕುದಿಯುವುದನ್ನು ನೋಡುತ್ತ ನಿಂತೆ. ತಂದು ಕೊಟ್ಟೆ. ಮೂವತ್ತಕ್ಕೆ ಸರಿಯಾಗಿ ಗಂಟೆ ಎರಡು ಸಲ ಒತ್ತಿದೆ, ಅಭ್ಯಾಸದಂತೆ. ಆಯಿ ಕಡ್ಡಿಯನ್ನು ಬಾಯಿಗಿಟ್ಟುಕೊಂಡಳು. ಅವಳ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಸಕ್ಕರೆಯದು.

ಆಪರೇಶನ್ ಆಯಿತು. ಬದುಕಿದಳು. ಡಾಕ್ಟರರು, ಇನ್ನೊಂದು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಕುತ್ತಿಗೆಯ ಕುಳಿಯಲ್ಲಿ ತೂತು, ಅದರ ಮೇಲೆ ತೆಳ್ಳನೆ ಬಿಳಿ ಬಟ್ಟೆ. ಆಯಿಗೆ ಓದು ಬರಹ ಬರುವುದಿಲ್ಲ. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಮನೆ ಅದರಲ್ಲೇ ನಡೆಯತೊಡಗಿತು.

ಬಿಸಿಲು ಏರುತ್ತಿದ್ದ ಒಂದು ಭಾನುವಾರ ಸುವರ್ಣಾ ಬಂದು ಆಯಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಶೇಂಗಾ ಸುಲಿಯುತ್ತಿದ್ದೆ. ಯಾಕೆ ಆಗಲೇ ಕೇಳಿದೆನೋ ಗೊತ್ತಿಲ್ಲ. ಇನ್ನು ಉತ್ತರ ಬರುವುದಿಲ್ಲ ಎಂಬ ಧೈರ್ಯವೇ ಇರಬೇಕು.

“ಆಯಿ, ಅವತ್ತ ನನಗ ಯಾಕ ಫೋನ್ ಮಾಡಲಿಲ್ಲ?”

ಆಯಿ ತಟ್ಟಲಿಲ್ಲ. ತುಟಿ ಆಡಿಸತೊಡಗಿದಳು. ನಾನು ನೋಡಿದೆ. ತುಟಿ ಕೂಡುತ್ತಿದ್ದವು, ಬಿಡುತ್ತಿದ್ದವು, ನನಗೆ ಒಂದು ಪದವೂ ಸಿಗಲಿಲ್ಲ. ಮಾತನ್ನು ಕಿವಿಯಿಂದ ಹಿಡಿದು ರೂಢಿಯಾದವಳು ನಾನು, ತುಟಿ ನೋಡಿ ಓದಿ ಗೊತ್ತಿಲ್ಲ. ಸುವರ್ಣಾ ಎಣ್ಣೆ ಕೈಯಲ್ಲೇ ಎದುರಿಗೆ ಬಂದು ಕೂತಳು, ಮೊಣಕಾಲಿಗೆ ಮೊಣಕಾಲು ತಾಗಿಸಿ, ಎರಡು ತಿಂಗಳು ಕೂತ ಹಾಗೆ. ಆಯಿಯ ಬಾಯಿ ನೋಡುತ್ತ ಸಾಲು ಸಾಲಾಗಿ ಹೇಳಿದಳು.

“ನಾ ಫೋನ್ ಹಚ್ಚಾಕ ಹೋದ್ನಿ... ನಿಮ್ಮವ್ವ ಕೈ ಹಿಡದ್ಲು... ಅಕಿ ಪಾಳಿ ಮುಗೀತೇನು ಅಂದ್ಲು... ಮುಗದಿಲ್ಲ, ಮೂರಕ್ಕ ಐತಿ ಅಂದ್ನಿ... ಮುಗೀಲಿ ತಡಿ ಅಂದ್ಲು. ನಡುವ ಎಬ್ಬಸಬ್ಯಾಡ... ಟೈಮ್ ಎಷ್ಟಾತು ಅಂತ ಮೂರ ಸಲ ಕೇಳಿದ್ಲು... ಮೂರ ಆದಾಗ ಕೇಳಲಿಲ್ಲ.”

ಅವ್ವನಿಗೆ ಸ್ಪರ್ಧೆ ಎಂದರೆ ಏನೆಂದು ಗೊತ್ತಿರಲಿಲ್ಲ. ಉಣ್ಣಲು ಕೂತವರನ್ನು ನಡುವೆ ಎಬ್ಬಿಸಬಾರದು ಎಂದು ಗೊತ್ತಿತ್ತು. ಅದನ್ನೇ ಇದಕ್ಕೂ ಹಚ್ಚಿದ್ದಳು.

ಎದ್ದು ಹೋಗಿ ಆ ದಿನದ ಪ್ರಶಸ್ತಿಪತ್ರ ಹುಡುಕಿ ತೆಗೆದೆ. ನನ್ನ ಹೆಸರಿತ್ತು, ದ್ವಿತೀಯ ಸ್ಥಾನ ಎಂದಿತ್ತು. ವಿಷಯ ಏನೆಂದು ಬರೆದಿರಲಿಲ್ಲ. ಬಹಳ ಹೊತ್ತು ಯೋಚಿಸಿದರೂ ನೆನಪಾಗಲಿಲ್ಲ. ಯಾವ ಪಕ್ಷದ ಚೀಟಿ ಎತ್ತಿದ್ದೆ ಎಂಬುದೂ ಇಲ್ಲ. ಅಳು ಬರಬಹುದು ಎಂದು ಕಾದೆ. ಬರಲಿಲ್ಲ.

ಸುವರ್ಣಾ ಹೋಗುವಾಗ ಅಂಗಳದಲ್ಲಿ ನಿಂತು ಹೇಳಿದಳು, “ಅಕ್ಕಾ, ಒಂದ ಮಾತ. ಸಂಕ್ರಮಣದ ದಿನ ಆ ಪದ ಮುಗದಿರಲಿಲ್ಲ. ಕೊನೀ ನುಡಿ ಬಾಕಿ ಇತ್ತು. ಕೇಳಾಕ ಹೋದ್ನಿ, ಹೋಗು ಅಂದ್ರು. ಅದು ನನಗ ಇನ್ನೂ ಗೊತ್ತಿಲ್ಲ.”

“ಮತ್ತ ಹಾಡೂಮುಂದ ಏನ ಮಾಡ್ತೀ?”

“ನಂದ ಒಂದ ಕಟ್ಟಿ ಹಾಡ್ತೀನಿ. ಪ್ರತಿ ಸಲ ಬ್ಯಾರೆ ಆಕೈತಿ.”

ತುಟಿಯಲ್ಲೇ ಹೇಳಿಸಿಕೊಳ್ಳಬಹುದಲ್ಲ ಎಂದೆ. ಅವಳೂ ಕೇಳಿದ್ದಳಂತೆ. ಆಯಿ ಎರಡು ಸಲ ತಟ್ಟಿದಳಂತೆ.

ಇದೆಲ್ಲ ಆಗಿ ಐದು ವರ್ಷ. ಕಳೆದ ತಿಂಗಳು ಹುಕ್ಕೇರಿಯಲ್ಲಿ ಆ ಹುಡುಗಿಯ ಖಾಲಿ ಮನೆಗಳಿಗೆ ಮಾಸ್ತರರ ಪಟ್ಟಿ ನೋಡಿ ಅಂಕ ತುಂಬಿದೆ. ಅದು ಸರಿಯಲ್ಲ, ಗೊತ್ತಿದೆ. ಆರನೆಯ ಹುಡುಗ ವಿರೋಧದ ಚೀಟಿ ಹಿಡಿದು ವೇದಿಕೆ ಹತ್ತಿ, ಯಾವುದು ಮುಖ್ಯ ಎಂದು ಗೊತ್ತಿರುವವರು ಕೈ ಎತ್ತಿ ಎಂದ. ಯಾರೂ ಎತ್ತಲಿಲ್ಲ. ಆಗ ನನ್ನ ಫೋನು ಮೇಜಿನ ಮೇಲೆ ಗುರುಗುಟ್ಟಿತು. ಆಯಿ.

ಎದ್ದೆ.

ಮಾಸ್ತರರು ಪಿಸುಗುಟ್ಟಿದರು, “ಬಾಯಾರ, ನಡುವ ಏಳಬಾರದ್ರಿ.”

“ಗೊತ್ತೈತ್ರಿ ಸರ್” ಎಂದು ಹೊರಗೆ ಬಂದೆ.

ಹೊರಗಿನ ಪಡಸಾಲೆಯಲ್ಲಿ ಬಿಸಿಲು ಬಿದ್ದಿತ್ತು. ಫೋನು ಕಿವಿಗಿಟ್ಟುಕೊಂಡೆ. ಆ ಕಡೆ ಗಾಳಿ ಒಳಗೆ ಹೋಗಿ ಹೊರಗೆ ಬರುವ ಸದ್ದು, ಕುತ್ತಿಗೆಯಿಂದ.

“ಆಯಿ, ಊಟ ಆತೇನು?”

ಒಂದು ಸಲ ತಟ್ಟಿದಳು.

“ಏನರ ಕೆಲಸ ಇತ್ತೇನು?”

ಎರಡು ಸಲ.

“ಸುಮ್ಮನ ಮಾಡಿದೇನು?”

ಒಂದು ಸಲ.

ಒಳಗೆ ಆ ಹುಡುಗನ ಪಾಳಿ ಮುಗಿದು ಗಂಟೆ ಎರಡು ಸಲ ಟಿಣ್ ಎಂದಿತು. ಆಯಿಗೂ ಕೇಳಿಸಿರಬೇಕು. ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.